ಕಲಕಮ್ಮನ ಬೆರಕೆ

ಮೊದಲು ಆ ಐಸ್ ತುಂಡು ತೆಗೆದು ಹಿತ್ತಲಿಗೆ ಎಸೆಯಿರಿ, ಆಮೇಲೆ ಮಾತು. ಬಿಳಿ ವೈನು ಅಂದರೆ ಹಲ್ಲು ಜುಮ್ಮೆನ್ನೋ ಹಾಗೆ ತಣ್ಣಗಿರಬೇಕು ಅಂತ ನಿಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಗೊತ್ತಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ಮಾಡಿ ಬರ್ತಿದ್ದೆ. ಸ್ಟೀಲ್ ಟ್ಯಾಂಕಿನದಾದರೆ ಹಾಗೇ ಕುಡಿಯಿರಿ, ಬೇಡ ಅನ್ನಲ್ಲ. ಅದು ನಿಂಬೆಹಣ್ಣಿನ ಪಾನಕದ ಥರ, ತಣ್ಣಗಿದ್ದಷ್ಟೂ ಚೆಂದ. ಇದು ಓಕ್ ಪೀಪಾಯಿಯಲ್ಲಿ ಹದಿನಾಲ್ಕು ತಿಂಗಳು ಮಲಗಿ ಎದ್ದಿರೋದು. ಮಡಕೆ ನೀರಿನಷ್ಟು ತಂಪು ಸಾಕು ಇದಕ್ಕೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಮೊದಲು ಹುರಿದ ಗೋಡಂಬಿ ವಾಸನೆ ಬರುತ್ತೆ, ಆಮೇಲೆ ಬೆಣ್ಣೆ ಕಾಯಿಸಿದ ಬಾಣಲೆಯದು, ಎಲ್ಲಕ್ಕಿಂತ ಕೊನೆಗೆ, ತಾಳ್ಮೆ ಇದ್ದವರಿಗೆ ಮಾತ್ರ, ಒಣಕೊಬ್ಬರಿಯದು. ಈಗಲೇ ಕುಡಿಯಬೇಡಿ ಮತ್ತೆ. ಕುಡಿದರೆ ನನ್ನ ಧ್ವನಿಯಲ್ಲಿ ಮಾತಾಡೋಕೆ ಶುರು ಮಾಡ್ತೀರಿ, ನನ್ನ ಮಾತಿಗೆ ನಾನೇ ಅಡ್ಡ ಬಾಯಿ ಹಾಕಿದ ಹಾಗಾಗುತ್ತೆ.

ನಮ್ಮೂರಲ್ಲಿ ಅದು ಹಾಗೇ. ಪೀಪಾಯಿಯ ವೈನು ಒಂದು ಗುಟುಕು ಗಂಟಲಿಗಿಳಿದರೆ ಸಾಕು, ಅದನ್ನು ಕಲಕಿದವರ ಧ್ವನಿ ಕುಡಿದವರ ಬಾಯಲ್ಲಿ ಬರುತ್ತೆ. ಮಾತು ಕುಡಿದವರದ್ದೇ, ಧ್ವನಿ ಮಾತ್ರ ಕಲಕಿದವರದ್ದು. ರುಚಿ ನಾಲಿಗೆ ಮೇಲೆ ಎಷ್ಟು ಹೊತ್ತು ನಿಲ್ಲುತ್ತೋ ಅಷ್ಟು ಹೊತ್ತು. ಕೆಟ್ಟ ವೈನಾದರೆ ಎರಡು ಮಾತಾಡೋಷ್ಟರಲ್ಲಿ ಮುಗೀತು, ಒಳ್ಳೆಯದಾದರೆ ಒಂದು ಊಟ ಮುಗಿಯೋವರೆಗೂ ಇರುತ್ತೆ. ಅದಕ್ಕೇ ಹೆಣ್ಣು ನೋಡೋ ದಿನ ನಮ್ಮಲ್ಲಿ ಪೀಪಾಯಿಯದು ಯಾರೂ ಮುಟ್ಟಲ್ಲ, ಟ್ಯಾಂಕಿನದೇ ಕೊಡೋದು. ಮೇಷ್ಟ್ರುಗಳು ಭಾನುವಾರ ಮಾತ್ರ ಕುಡೀತಾರೆ. ನಾನು ಸಂತೆಗೆ ಹೋದರೆ ನನ್ನ ಧ್ವನಿಯೇ ಪಕ್ಕದಲ್ಲಿ ನಿಂತು ಬದನೆಕಾಯಿ ಚೌಕಾಸಿ ಮಾಡ್ತಿರುತ್ತೆ, ತಿರುಗಿ ನೋಡಿದರೆ ಗಿರಿಜಾ ಮೀಸೆಯ ಯಾರೋ ಗಂಡಸು. ಒಂದು ಸಲ ಯಾರೋ ಪುಣ್ಯಾತ್ಮ ನನ್ನ ಧ್ವನಿಯಲ್ಲಿ ಪೋಸ್ಟ್ ಮಾಸ್ಟರಿಗೆ ಬಾಯಿಗೆ ಬಂದ ಹಾಗೆ ಬೈದು ಹೋಗಿದ್ದ, ಕಿಟಕಿಯ ಆಚೆಯಿಂದ. ಆ ಪೋಸ್ಟ್ ಮಾಸ್ಟರು ಮೂರು ತಿಂಗಳು ನನ್ನ ಕಡೆ ಮುಖ ಕೊಟ್ಟು ಮಾತಾಡಲಿಲ್ಲ. ಹೋಗಲಿ ಬಿಡು ಅಂತ ಸುಮ್ಮನಿದ್ದೆ. ಸುಮ್ಮನಿರೋದೂ ನನ್ನ ಕೆಲಸವೇ ಅಂದುಕೊಂಡಿದ್ದೆ ಆಗ.

ಕಲಕೋದು ಅಂದರೆ ಸಾರಿಗೆ ಸೌಟು ಆಡಿಸಿದ ಹಾಗಲ್ಲ ಸ್ವಾಮಿ. ವೈನಾದ ಮೇಲೆ ಪೀಪಾಯಿ ತಳದಲ್ಲಿ ಮಡ್ಡಿ ಕೂರುತ್ತೆ. ವಾರಕ್ಕೊಂದು ಸಲ ಬಿರಡೆ ತೆಗೆದು, ಉದ್ದನೆಯ ಕೋಲು ಇಳಿಬಿಟ್ಟು, ಆ ಮಡ್ಡಿಯನ್ನು ಎಬ್ಬಿಸಬೇಕು, ಮಲಗಿರೋ ಮಗುವನ್ನು ಎಚ್ಚರವಾಗದ ಹಾಗೆ ಮಗ್ಗುಲು ಬದಲಿಸ್ತೀವಲ್ಲ ಹಾಗೆ. ಜೋರು ಮಾಡಿದರೆ ಗಾಳಿ ಸೇರಿ ಕಂಪು ಹಾರಿಹೋಗುತ್ತೆ. ಬಿಟ್ಟುಬಿಟ್ಟರೆ ವೈನಿಗೆ ಮೈ ಬರಲ್ಲ, ತೆಳ್ಳಗೆ ನಿಂತುಬಿಡುತ್ತೆ. ಇದನ್ನು ನನಗೆ ಕಲಿಸಿದವಳು ನಮ್ಮ ದೊಡ್ಡಮ್ಮ. ಅವಳು ದೊಡ್ಡ ದ್ರಾಕ್ಷಿ ತೋಟದ ಹನುಮಂತರಾಯಪ್ಪನ ಅಪ್ಪನ ನೆಲಮಾಳಿಗೆಯಲ್ಲಿ ಕೋಲು ಹಿಡಿದಳು, ಅವಳು ಹೋದ ಮೇಲೆ ಅದೇ ಕೋಲನ್ನು ನಾನು ಹನುಮಂತರಾಯಪ್ಪನ ಕಾಲದಲ್ಲಿ ಹಿಡಿದೆ. ಊರಿನವರು ನನ್ನನ್ನು ಕಲಕಮ್ಮ ಅಂತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ ಅಂತ ಒಬ್ಬರೂ ಕೇಳಲಿಲ್ಲ. ಹನುಮಂತರಾಯಪ್ಪನಿಗೆ ಮುಂಚೆ ಯಜಮಾನ್ರು ಅಂತ ಸೇರಿಸಿ ಮಾತಾಡ್ತಿದ್ದೆ, ಈಗ ಬಿಟ್ಟಿದ್ದೀನಿ. ಯಾಕೆ ಅಂತ ಕೇಳಿ.

ವರ್ಷಕ್ಕೊಂದು ಸಲ, ದ್ರಾಕ್ಷಿ ಕೊಯ್ಲಿಗೆ ಮುಂಚೆ, ಚಾವಡಿಯಲ್ಲಿ ಊರಿನ ಎಲ್ಲರ ವೈನೂ ರುಚಿ ನೋಡ್ತಾರೆ. ಯಾವುದು ಹೆಚ್ಚು ಹೊತ್ತು ನಿಲ್ಲುತ್ತೋ ಅದನ್ನು ಮಾಡಿದವರ ಹೆಸರನ್ನು, ಕಬ್ಬಿಣದ ಅಚ್ಚು ಕೆಂಪಗೆ ಕಾಯಿಸಿ, ಚಾವಡಿಯ ತೊಲೆ ಮೇಲೆ ಒತ್ತುತ್ತಾರೆ. ತೊಲೆ ಮೇಲೆ ಹೆಸರು ಬಿದ್ದವರಿಗೆ ಊರ ತೋಪಿನಿಂದ ಒಂದು ಓಕ್ ಮರ. ಆ ಮರದಿಂದ ಮಾಡಿಸಿದ ಪೀಪಾಯಿ ಅವರ ಸ್ವಂತದ್ದು, ಯಾರೂ ಕಿತ್ತುಕೊಳ್ಳೋ ಹಾಗಿಲ್ಲ. ತಾತನ ಕಾಲದ್ದು ಇಲ್ಲದವರಿಗೆ ನಮ್ಮೂರಲ್ಲಿ ಪೀಪಾಯಿ ಸಿಗೋ ದಾರಿ ಅದೊಂದೇ. ನನಗೆ ಬೇಕಾಗಿದ್ದದ್ದೂ ಅದೊಂದೇ, ಸ್ವಂತದ ಒಂದೇ ಒಂದು ಪೀಪಾಯಿ. ಇಪ್ಪತ್ತಾರು ವರ್ಷ ನಾನು ಕಲಕಿದ ವೈನು ಗೆದ್ದಿತು. ಇಪ್ಪತ್ತಾರು ವರ್ಷವೂ ಹನುಮಂತರಾಯಪ್ಪನ ಹೆಸರು ತೊಲೆಗೆ ಬಿತ್ತು. ದ್ರಾಕ್ಷಿ ಅವನ ತೋಟದ್ದು, ಪೀಪಾಯಿ ಅವನದು, ಆದ್ದರಿಂದ ಮಾಡಿದವನೂ ಅವನೇ ಅಂತ ಲೆಕ್ಕವಂತೆ.

ಅದಾದರೂ ಹೋಗಲಿ ಅನ್ನಿ. ಹೊಟ್ಟೆ ಉರಿಯೋ ಮಾತು ಯಾವುದು ಗೊತ್ತಾ? ಅಷ್ಟು ಜನವೂ ಅವನನ್ನು ಹೊಗಳುತ್ತಿದ್ದದ್ದು ನನ್ನ ಧ್ವನಿಯಲ್ಲಿ. ಅಧ್ಯಕ್ಷರು ಭೋಗೇಗೌಡರು ಗ್ಲಾಸು ಕೆಳಗಿಟ್ಟು, ನನ್ನದೇ ಧ್ವನಿಯಲ್ಲಿ, ಹನುಮಂತರಾಯಪ್ಪನವರ ಕೈಗುಣ ಯಾರಿಗೂ ಬರಲ್ಲ ಅಂತಿದ್ದರು. ಗುಮಾಸ್ತ ವೆಂಕಟರವಣಯ್ಯ ನನ್ನದೇ ಧ್ವನಿಯಲ್ಲಿ ಅವನ ಹೆಸರನ್ನು ಎದ್ದು ನಿಂತು ಓದುತ್ತಿದ್ದ. ಕೆಲಸದವರಿಗೆ ಚಾವಡಿಯಲ್ಲಿ ಗ್ಲಾಸು ಕೊಡೋ ಪದ್ಧತಿ ಇಲ್ಲ, ನಾವು ಗೋಡೆಗೆ ಒರಗಿ ನಿಂತಿರಬೇಕು. ನಿಂತುಕೊಂಡು, ನಾನು ಹೇಳದೆ ಇದ್ದ ಮಾತನ್ನೆಲ್ಲ ನನ್ನ ಧ್ವನಿಯಲ್ಲಿ ಕೇಳಬೇಕು. ಒಬ್ಬನಿಗಾದರೂ ನಾಚಿಕೆ ಬೇಡವಾ? ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಗೋಡೆ ಕಡೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹನುಮಂತರಾಯಪ್ಪನ ಮನೆಗೆ ಹೊರಗಿನಿಂದ ಒಬ್ಬ ರುಚಿ ನೋಡುವವನು ಬಂದ. ನಮ್ಮ ಪದ್ಧತಿ ಗೊತ್ತಿಲ್ಲದವನು. ಒಂದು ಗುಟುಕು ಕುಡಿದು, ಬಹಳ ಚೆನ್ನಾಗಿದೆ ಅಂದವನೇ ತನ್ನ ಬಾಯಲ್ಲಿ ಹೆಂಗಸಿನ ಧ್ವನಿ ಕೇಳಿ ಬೆಚ್ಚಿಬಿದ್ದ. ಇದು ಯಾರ ಧ್ವನಿ ಅಂತ ಕೇಳಿದ. ಪಾಪ, ಊರಿಗೆ ಊರೇ ಕೇಳದ ಪ್ರಶ್ನೆ ಆ ಪರದೇಶಿ ಕೇಳಿದ. ನಾನು ಮೂರು ಮಾರು ದೂರದಲ್ಲಿ ಕೋಲು ಒರೆಸುತ್ತಾ ನಿಂತಿದ್ದೆ. ಹನುಮಂತರಾಯಪ್ಪ ನನ್ನ ಕಡೆ ನೋಡಲೂ ಇಲ್ಲ. "ಅದು ಮರದ ಧ್ವನಿ" ಅಂದ. ಮರದ್ದಂತೆ! ಮೈಯೆಲ್ಲ ಉರಿದುಹೋಯಿತು ನನಗೆ. ಕೋಲು ಕೈಯಲ್ಲೇ ಇತ್ತು, ಬೀಸಿದ್ದರೆ ತಲೆಗೆ ತಾಗೋದು. ಹಲ್ಲು ಕಚ್ಚಿಕೊಂಡು ನೆಲಮಾಳಿಗೆಗೆ ಇಳಿದುಹೋದೆ.

ಆ ಪ್ರಶ್ನೆ ಅವನನ್ನೂ ಬಿಡಲಿಲ್ಲ ಅನ್ನಿ. ಮಾರನೆಯ ಕೊಯ್ಲಿಗೆ ಒಂದು ಪೀಪಾಯಿಯನ್ನು ತಾನೇ ಕಲಕ್ತೀನಿ ಅಂತ ಹೊರಟ. ವಾರಕ್ಕೊಂದು ಸಲ ಸಾಕು ಯಜಮಾನ್ರೇ ಅಂತ ನಾನು ಬಾಯಿಬಿಟ್ಟು ಹೇಳಿದೆ. ಕೇಳೋ ಆಸಾಮಿನಾ ಅವನು? ದಿನಕ್ಕೆ ಮೂರು ಸಲ ಇಳಿದು ಬಂದು, ಪಂಚೆ ಎತ್ತಿ ಕಟ್ಟಿ, ಮಜ್ಜಿಗೆ ಕಡೆದ ಹಾಗೆ ಕಡೆದ. ಧ್ವನಿ ಚೆನ್ನಾಗಿ ಹಿಡೀಲಿ ಅಂತ ಪೀಪಾಯಿ ಬಾಯಿಗೆ ಬಾಯಿಟ್ಟು ತನ್ನ ಹೆಸರನ್ನು ತಾನೇ ಕೂಗಿದ. ಕೊನೆಗೆ ರುಚಿ ನೋಡಿದರೆ ಕಂಪೆಲ್ಲ ಹಾರಿಹೋಗಿ ಬರೀ ಹುಳಿ ಉಳಿದಿತ್ತು, ನಾಲಿಗೆಗೆ ಚುರ್ ಅನ್ನೋ ಹುಳಿ. ನಾನು ಒಂದು ಗುಟುಕು ಕುಡಿದು, ಅಯ್ಯೋ ಶಿವನೇ ಅಂದೆ. ಅಯ್ಯೋ ಅನ್ನೋದು ಅವನ ಧ್ವನಿಯಲ್ಲಿ ಬಂತು, ಶಿವನೇ ಅನ್ನೋದು ನನ್ನದೇ ಧ್ವನಿಯಲ್ಲಿ. ಅಷ್ಟೇ ಅದರ ಆಯಸ್ಸು.

ಚಾವಡಿಯ ದಿನಕ್ಕೆ ಹತ್ತು ದಿನ ಇರುವಾಗ ನನ್ನನ್ನು ಕರೆಸಿದ. ಅವನು ಕಲಕಿದ್ದು ಅರ್ಧ, ನಾನು ಕಲಕಿದ್ದು ಅರ್ಧ ಹಾಕಿ ಬೆರೆಸಬೇಕಂತೆ. "ಎರಡೂ ಸೇರಿದರೆ ನಿನ್ನ ಧ್ವನಿ ಮುಳುಗಿಹೋಗುತ್ತೆ. ಆಮೇಲೆ ನನ್ನದು ಅಂದರೆ ನನ್ನದು" ಅಂದ, ನನ್ನ ಮುಖ ನೋಡಿಕೊಂಡೇ, ಒಂದಿಷ್ಟೂ ಸಂಕೋಚವಿಲ್ಲದೆ. ಅದರ ಹಿಂದೆಯೇ ಇನ್ನೊಂದು ಮಾತು: ಈ ಕೊಯ್ಲಿನಿಂದ ಎಲ್ಲ ಸ್ಟೀಲ್ ಟ್ಯಾಂಕು, ಕಲಕೋ ಕೆಲಸ ಇರಲ್ಲ, ನೀನು ಬೇರೆ ಎಲ್ಲಾದರೂ ನೋಡ್ಕೋ. ಇಪ್ಪತ್ತಾರು ವರ್ಷ ದುಡಿದವಳಿಗೆ ಹಳೇ ಪೊರಕೆಗೆ ಹೇಳಿದ ಹಾಗೆ ಹೇಳಿದ. ಸ್ವಂತದ ಪೀಪಾಯಿ ಇಲ್ಲದ ಕಲಕೋಳು ನಮ್ಮೂರಲ್ಲಿ ಮತ್ತೆ ವೈನು ಮುಟ್ಟೋಕಾಗಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆರಕೆ ಅಂದರೆ ನಮ್ಮೂರ ದೊಡ್ಡವರು ಮೂಗು ಮುರೀತಾರೆ. ಉಳಿದದ್ದು ಬಳಿದದ್ದನ್ನು ಕೂಲಿಯವರು ಸುರಿದುಕೊಂಡು ಕುಡಿಯೋದು ಅದು ಅಂತ. ಅದಕ್ಕೇ ಅದರ ಗುಣ ಅವರಿಗೆ ಗೊತ್ತಿಲ್ಲ. ಸುಮ್ಮನೆ ಸುರಿದರೆ ಎರಡು ಧ್ವನಿಗಳೂ ಒಂದೇ ಗಂಟಲಲ್ಲಿ ಕಿತ್ತಾಡ್ತವೆ, ಒಂದು ಪದ ಅವರದು, ಒಂದು ಪದ ಇವರದು. ಹದವಾಗಿ ಬೆರೆಸಿದರೆ ಮಾತ್ರ ಆ ಎರಡೂ ಹೋಗಿ ಮೂರನೆಯದೊಂದು ಧ್ವನಿ ಬರುತ್ತೆ, ಯಾರದ್ದೂ ಅಲ್ಲದ್ದು. ಆ ಧ್ವನಿ ಊರಿಗೆಲ್ಲ ಹಿಡಿದರೂ ಬೆರೆಸಿದವಳ ನಾಲಿಗೆಯನ್ನು ಮಾತ್ರ ಮುಟ್ಟಲ್ಲ ಅಂತ ದೊಡ್ಡಮ್ಮ ಹೇಳ್ತಿದ್ದಳು. ಅವಳು ಕೂಲಿಯವರಿಗೆ ಹಬ್ಬದ ದಿನ ಬೆರೆಸಿಕೊಡುತ್ತಿದ್ದಾಗ ನಾನೇ ನೋಡಿದ್ದೆ. ನಾವೆಲ್ಲ ಹೊಸ ಧ್ವನಿಯಲ್ಲಿ ನಗುತ್ತಿದ್ದರೆ ಅವಳೊಬ್ಬಳು ತನ್ನ ಒಡಕು ಧ್ವನಿಯಲ್ಲೇ ಗದರುತ್ತಿದ್ದಳು.

ಅರ್ಧ ಅರ್ಧ ಸುರಿದುಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಚಾವಡಿಯ ದೊಡ್ಡ ಮನುಷ್ಯರೆಲ್ಲ ಅರ್ಧ ಗಂಡು ಅರ್ಧ ಹೆಣ್ಣಾಗಿ ಉಗ್ಗೋದನ್ನು ನೋಡಿ ಹೊಟ್ಟೆ ತುಂಬ ನಕ್ಕು ಊರು ಬಿಡೋಣ ಅಂತ. ಪಾತ್ರೆಯನ್ನೂ ಎತ್ತಿಕೊಂಡೆ. ಆದರೆ ಒಂದು ಲೋಟದಲ್ಲಿ ಹಾಗೆ ಬೆರೆಸಿ ಬಾಯಿಗಿಟ್ಟಾಗ ಸಿಟ್ಟು ಅವನ ಮೇಲಿಂದ ಇಳಿದು ವೈನಿನ ಮೇಲೆ ಕರುಣೆಯಾಯಿತು. ನನ್ನದು ಗುಡ್ಡದ ದ್ರಾಕ್ಷಿ, ಓಕ್ ಮರ ಅದಕ್ಕೆ ಕೆನೆಯಂಥ ಮೈ ಕೊಟ್ಟಿತ್ತು. ಅದರ ಮೇಲೆ ಅವನ ಹುಳಿ ಅಷ್ಟು ಸುರಿದರೆ ಹಾಲು ಒಡೆದ ಹಾಗೆ. ನನ್ನ ಕೈಯಿಂದ ಕೆಟ್ಟದ್ದು ಹೊರಗೆ ಹೋಗಲ್ಲ. ಹೋದರೆ ದೊಡ್ಡಮ್ಮ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ.

ಒಂಬತ್ತು ದಿನ ಕೂತೆ. ಬರೀ ಪೀಪಾಯಿಯದಾದರೆ ಭಾರ ಹೆಚ್ಚು, ಎರಡನೇ ಗ್ಲಾಸಿಗೆ ಸಾಕಪ್ಪಾ ಅನ್ನಿಸುತ್ತೆ. ಅದಕ್ಕೆ ಹೊಳೆಬದಿಯ ದ್ರಾಕ್ಷಿಯದು, ಟ್ಯಾಂಕಿನಲ್ಲಿಟ್ಟಿದ್ದು, ನಾಲ್ಕರಲ್ಲೊಂದು ಪಾಲು ಸೇರಿಸಿದೆ. ಅದು ಬಂದ ತಕ್ಷಣ ಮಲ್ಲಿಗೆ ಬುಟ್ಟಿಯ ಮುಚ್ಚಳ ತೆಗೆದ ಹಾಗಾಯಿತು. ಆದರೂ ಕೊನೆಯಲ್ಲಿ ಏನೋ ಸಪ್ಪೆ, ಉಪ್ಪಿನಕಾಯಿ ಇಲ್ಲದ ಮೊಸರನ್ನದ ಥರ. ಎಂಟನೆಯ ದಿನ ಬೈದುಕೊಳ್ಳುತ್ತಲೇ ಹನುಮಂತರಾಯಪ್ಪನ ಹುಳಿ ಒಂದು ಸೌಟು ಹಾಕಿದೆ. ಸರಿಹೋಯಿತು ನೋಡಿ. ಕೆನೆ, ಕಂಪು, ಕೊನೆಗೊಂದು ಚುರುಕು. ಅವನ ಕೆಲಸವೂ ಒಂದು ಸೌಟಿನಷ್ಟು ಉಪಯೋಗಕ್ಕೆ ಬಂತಲ್ಲ ಅಂತ ನನಗೇ ನಗು ಬಂತು.

ಮೂರನೇ ಧ್ವನಿ ಬಂದಿದೆಯೋ ಇಲ್ಲವೋ ನನಗೆ ಗೊತ್ತಾಗೋ ಹಾಗಿರಲಿಲ್ಲ, ಬೆರೆಸಿದವಳು ನಾನೇ ಅಲ್ಲವಾ. ಅಷ್ಟರಲ್ಲಿ ಹನುಮಂತರಾಯಪ್ಪನ ಹೆಂಡತಿ ಪುಟ್ಟಗೌರಮ್ಮನವರು ಮೊರದಲ್ಲಿ ಅಕ್ಕಿ ಹಿಡಿದುಕೊಂಡು ನೆಲಮಾಳಿಗೆಯ ಮೆಟ್ಟಿಲ ಮೇಲೆ ತಂಪಿಗೆ ಬಂದು ಕೂತರು. ಅವರಿಗೆ ಒಂದು ಲೋಟ ಕೊಟ್ಟೆ. ಕುಡಿದು, ಇದೇನೇ ಇದು ಅಂದರು. ಅಂದವರೇ ತಮ್ಮ ಗಂಟಲು ಮುಟ್ಟಿಕೊಂಡರು. ನನ್ನದೂ ಅಲ್ಲ, ಅವರ ಗಂಡನದೂ ಅಲ್ಲ, ಚೆನ್ನಾಗಿ ನಿದ್ದೆ ಮಾಡಿ ಬೆಳಗ್ಗೆ ಈಗಷ್ಟೇ ಎದ್ದವರ ಧ್ವನಿಯ ಹಾಗಿತ್ತು. ಮೊರದ ಅಕ್ಕಿಯೆಲ್ಲ ಆರಿಸಿ, ಬೇಳೆಯನ್ನೂ ಆರಿಸಿ ಮುಗಿದರೂ ಆ ಧ್ವನಿ ಇಳಿಯಲಿಲ್ಲ. ಕಥೆಯೆಲ್ಲ ಕೇಳಿದರು. ಆಮೇಲೆ ಆ ಹೊಸ ಧ್ವನಿಯಲ್ಲಿ, ಬಹಳ ಮೆತ್ತಗೆ, "ಇಪ್ಪತ್ತಾರು ವರ್ಷದಿಂದ ನನ್ನ ಗಂಡ ಊಟಕ್ಕೆ ಕೂತು ನಿನ್ನ ಧ್ವನಿಯಲ್ಲಿ ನನ್ನ ಸಾರನ್ನು ಹಳೀತಾನೆ ಕಣೇ. ಮೊದಮೊದಲು ನಿನ್ನ ಮೇಲೇ ಸಿಟ್ಟು ಬರ್ತಿತ್ತು" ಅಂದರು. ಅವರ ಸಾರು ಚೆನ್ನಾಗಿಯೇ ಇರುತ್ತೆ, ನಾನು ಉಂಡಿದ್ದೀನಿ.

ಚಾವಡಿಯ ದಿನ ಬೆಳಗ್ಗೆ ಹತ್ತಕ್ಕೆಲ್ಲ ಜನ ತುಂಬಿತ್ತು. ನಾವು ಕೆಲಸದವರು ಯಥಾಪ್ರಕಾರ ಗೋಡೆಗೆ ನಿಂತೆವು. ಬೇರೆಯವರ ವೈನುಗಳು ಬಂದವು, ಒಂದೊಂದೇ ಧ್ವನಿ ಬಂದು ಹೋಯಿತು. ಕೊನೆಗೆ ನನ್ನ ಬೆರಕೆ. ಪುಟ್ಟಗೌರಮ್ಮನವರೇ ಹೂಜಿ ಹಿಡಿದು ಬಡಿಸಿದರು. ಭೋಗೇಗೌಡರು ಕುಡಿದು ಕಣ್ಣು ಮುಚ್ಚಿದರು. ಇಂಥದ್ದನ್ನು ನಾನು ಕುಡಿದೇ ಇಲ್ಲ ಅಂದರು, ಆ ಬೆಳಗಿನ ಧ್ವನಿಯಲ್ಲಿ. ಒಬ್ಬರಾದ ಮೇಲೆ ಒಬ್ಬರು ಅದೇ ಧ್ವನಿಯಲ್ಲಿ ಹೊಗಳಿದರು. ಇದು ಯಾರ ಧ್ವನಿ ಅಂತ ಗುಸುಗುಸು ಎದ್ದಿತು. ಹನುಮಂತರಾಯಪ್ಪನೂ ಕುಡಿದ, ಎದ್ದು ನಿಂತ. ಇದು ನನ್ನದೇ ಧ್ವನಿ, ಹರೆಯದಲ್ಲಿ ಹೀಗೇ ಇತ್ತು, ಈ ಸಲ ನಾನೇ ಕಲಕಿದ್ದು ಅಂದ. ಅವನ ಹರೆಯದ ಧ್ವನಿ ಕೇಳಿದವರು ಅಲ್ಲಿ ಐವತ್ತು ಜನ ಇದ್ದರು, ಸುಳ್ಳು ಅಂತ ಗೊತ್ತಿದ್ದೂ ಕೂತಲ್ಲೇ ತಲೆಯಾಡಿಸಿದರು. ವೆಂಕಟರವಣಯ್ಯ ಅವನ ಹೆಸರಿನ ಅಚ್ಚನ್ನು ಒಲೆಗೆ ಹಾಕಿದ. ಪ್ರತಿ ವರ್ಷ ಅದೇ ಅಚ್ಚು, ಹೊಸದು ಮಾಡಿಸೋ ಕೆಲಸವೇ ಇರಲಿಲ್ಲ ಅವನಿಗೆ.

ಆಗ ಪುಟ್ಟಗೌರಮ್ಮನವರು ಹೂಜಿ ಹಿಡಿದುಕೊಂಡು ನೆಟ್ಟಗೆ ಗೋಡೆ ಕಡೆ ಬಂದರು. ಕೆಲಸದವರಿಗೆ ಗ್ಲಾಸು ಕೊಡೋ ಹಾಗಿಲ್ಲ ಅಂತ ಯಾರೋ ಹಿಂದಿನಿಂದ ಅಂದರು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ತಮ್ಮದೇ ಗ್ಲಾಸಿಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಅವಸರ ಮಾಡಲಿಲ್ಲ ನಾನು. ಮೂಸಿ ನೋಡಿದೆ, ಬಾಯಲ್ಲಿಟ್ಟು ತಿರುಗಿಸಿದೆ, ನುಂಗಿದೆ. ಅದು ಎಷ್ಟು ಚೆನ್ನಾಗಿತ್ತು ಅನ್ನೋದನ್ನು ಅಷ್ಟು ಸಿಟ್ಟಿನಲ್ಲೂ ಗಮನಿಸಿದೆ. ಆಮೇಲೆ ಹೇಳಿದೆ.

"ಇದನ್ನು ಬೆರೆಸಿದವಳು ನಾನು."

ಇಪ್ಪತ್ತಾರು ವರ್ಷ ಅವರೆಲ್ಲರ ಬಾಯಲ್ಲಿ ಬರುತ್ತಿದ್ದ ಧ್ವನಿ ಅವತ್ತು ನನ್ನ ಬಾಯಲ್ಲಿ ಬಂತು, ನನ್ನ ಬಾಯಲ್ಲಿ ಮಾತ್ರ. ಗೋಡೆಗೆ ನಿಂತವರಿಗೆಲ್ಲ ಅದರ ಅರ್ಥ ಗೊತ್ತಿತ್ತು. ಪೀಪಾಯಿ ಕಟ್ಟುವ ಮುದುಕನೊಬ್ಬ, ಬೆರೆಸಿದವರ ನಾಲಿಗೆ ಮಾತ್ರ ಬೆರಕೆಗೆ ಬಗ್ಗಲ್ಲ ಸ್ವಾಮಿ, ಬೇಕಾದರೆ ಯಜಮಾನ್ರನ್ನೇ ಮಾತಾಡಿಸಿ ಅಂದ. ಭೋಗೇಗೌಡರು ಹನುಮಂತರಾಯಪ್ಪನ ಕಡೆ ತಿರುಗಿದರು. ಹನುಮಂತರಾಯಪ್ಪ ಬಾಯಿ ತೆರೆದ, ತನ್ನ ಹೆಸರಿನ ಅರ್ಧ ಹೇಳೋಷ್ಟರಲ್ಲಿ ಅದೇ ಬೆಳಗಿನ ಧ್ವನಿ ಹೊರಗೆ ಬಂತು. ಹರೆಯದ್ದು ಅಂದಿದ್ದನಲ್ಲ, ಅಧ್ಯಕ್ಷರ ಬಾಯಲ್ಲೂ ಅದೇ, ಗುಮಾಸ್ತನ ಬಾಯಲ್ಲೂ ಅದೇ. ಮುಖ ಹುಳ್ಳಗೆ ಮಾಡಿಕೊಂಡು ಕೂತುಬಿಟ್ಟ.

ಅದಾದ ಮೇಲೆ ಕುಡಿದವರು ಒಬ್ಬರೂ ಬಾಯಿ ತೆರೆಯಲಿಲ್ಲ. ತೆರೆದರೆ ನನ್ನ ವೈನು ಇನ್ನೂ ನಾಲಿಗೆ ಮೇಲಿದೆ ಅಂತ ತಾವೇ ಒಪ್ಪಿಕೊಂಡ ಹಾಗೆ. ರುಚಿ ಇಳಿಯೋವರೆಗೂ ಕಾಯೋಣ ಅಂತ ಕೂತರು. ಅದು ಇಳಿಯಲಿಲ್ಲ ನೋಡಿ, ನಾನು ಹಾಗೆ ಮಾಡಿದ್ದೆ. ಊಟದ ಹೊತ್ತಾಯಿತು, ಊಟದ ಹೊತ್ತು ಮೀರಿತು. ಅಷ್ಟು ಹೊತ್ತೂ ನಾನೊಬ್ಬಳೇ ಮಾತಾಡಿದೆ. ಗೋಡೆ ಬಿಟ್ಟು ಚಾವಡಿಯ ನಡುವೆ ಬಂದು ನಿಂತು, ಒಂದೊಂದು ವರ್ಷದ್ದೂ ಹೇಳಿದೆ. ಬಿಸಿಲು ಹೆಚ್ಚಾಗಿ ದ್ರಾಕ್ಷಿ ಬಾಡಿದ ವರ್ಷ ಏನು ಮಾಡಿದೆ, ಹೊಸ ಪೀಪಾಯಿಯ ಒಳಮೈ ಕಾಯಿಸುವಾಗ ಅತಿಯಾಗಿ ಸುಟ್ಟು ಹೊಗೆ ವಾಸನೆ ಹೊಡೆದಾಗ ಹೇಗೆ ಉಳಿಸಿಕೊಂಡೆ, ಅಂದೆಲ್ಲ ನೀವು ಯಾರ ಕೈಗುಣ ಹೊಗಳಿದಿರಿ, ಯಾರ ಧ್ವನಿಯಲ್ಲಿ ಹೊಗಳಿದಿರಿ. ಮರದ ಧ್ವನಿ ಅಂದದ್ದನ್ನೂ ಹೇಳಿದೆ. ಒಬ್ಬೊಬ್ಬರ ಮುಖ ನೋಡಿ ಹೇಳಿದೆ. ಕೊನೆಕೊನೆಗೆ ಅಳು ಬಂತು, ಅದನ್ನೂ ತಡೆದುಕೊಳ್ಳಲಿಲ್ಲ.

ಮೂರು ಗಂಟೆಯ ಸುಮಾರಿಗೆ ಮೊದಲು ರುಚಿ ಇಳಿದದ್ದು ಗುಮಾಸ್ತ ವೆಂಕಟರವಣಯ್ಯನಿಗೆ. ಕೆಮ್ಮಿದ. ತನ್ನ ಧ್ವನಿ ತನಗೆ ಬಂದಿದ್ದು ಗೊತ್ತಾಯಿತು. ಒಲೆಯಿಂದ ಹನುಮಂತರಾಯಪ್ಪನ ಅಚ್ಚನ್ನು ಇಕ್ಕಳದಲ್ಲಿ ಎಳೆದು ಪಕ್ಕಕ್ಕಿಟ್ಟ, ಪುಸ್ತಕ ಬಿಡಿಸಿದ, ತಲೆ ತಗ್ಗಿಸಿಕೊಂಡೇ ಕೇಳಿದ, "ನಿನ್ನ ಹೆಸರು ಏನಮ್ಮಾ?"

ಇಷ್ಟು ವರ್ಷ ನನ್ನ ಧ್ವನಿಯಲ್ಲಿ ಮಾತಾಡಿದವನಿಗೆ ನನ್ನ ಹೆಸರು ಗೊತ್ತಿಲ್ಲ. ಸಿಟ್ಟು ಇಳಿದೇಹೋಯಿತು ಅಂದುಕೊಂಡಿದ್ದೆ, ಮತ್ತೆ ನೆತ್ತಿಗೇರಿತು. ಸಾವಂತ್ರಮ್ಮ ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ, ಹೊರಗೆ ರಸ್ತೆಗೂ ಕೇಳೋ ಹಾಗೆ. ಮರ ಒಂದು ಸಿಗುತ್ತೆ, ಹೆಸರೂ ಬೀಳುತ್ತೆ, ಇನ್ನು ಸಮಾಧಾನ ಮಾಡ್ಕೊಳ್ಳಮ್ಮ ಅಂದರು ಭೋಗೇಗೌಡರು, ಅವರ ಧ್ವನಿಯೂ ಆಗ ಮರಳಿ ಬಂದಿತ್ತು. ಹಿಂದಿನ ಇಪ್ಪತ್ತಾರು ಏನು ಮಾಡ್ತೀರಿ ಅಂದೆ. ಸುಟ್ಟ ಹೆಸರು ಅಳಿಸೋಕಾಗಲ್ಲ, ಕೆತ್ತಿದರೆ ತೊಲೆ ಬೀಳುತ್ತೆ ಅಂದರು. ಅಳಿಸಿ ಅಂತ ಯಾರು ಹೇಳಿದರು? ಒಂದೊಂದರ ಕೆಳಗೂ ನನ್ನದನ್ನು ಒತ್ತಿ ಅಂದೆ.

ಕಮ್ಮಾರನನ್ನು ಕರೆಸಿ ಅಲ್ಲೇ ಅಚ್ಚು ಮಾಡಿಸಿದರು. ಏಣಿ ತಂದರು. ನಾನು ಹೂಜಿಯ ಪಕ್ಕ ಬೆಂಚಿನ ಮೇಲೆ ಕೂತೆ, ದೊಡ್ಡ ಮನುಷ್ಯರು ಕೂರೋ ಬೆಂಚು. ಹನುಮಂತರಾಯಪ್ಪ ಯಾವಾಗ ಎದ್ದುಹೋದನೋ ನೋಡಲಿಲ್ಲ. ಪುಟ್ಟಗೌರಮ್ಮನವರು ಹೋಗಲಿಲ್ಲ, ನನ್ನ ಜೊತೆಯೇ ಕೂತು ಉಳಿದದ್ದನ್ನು ಇಬ್ಬರಿಗೂ ಬಗ್ಗಿಸಿದರು. ಈ ವರ್ಷದ್ದೂ ಸೇರಿ ಇಪ್ಪತ್ತೇಳು ಸಲ ಅಚ್ಚು ಕಾಯಿತು, ಇಪ್ಪತ್ತೇಳು ಸಲ ಮರ ಚುಂಯ್ ಅಂದಿತು. ಅದೇ ನೋಡಿ ಮರದ ಧ್ವನಿ. ಕೊನೆಯದು ಒತ್ತಿ ಮುಗಿದಾಗ ವೆಂಕಟರವಣಯ್ಯ ಏಣಿಯಿಂದ ಇಳಿದು, ಬೆವರು ಒರೆಸಿಕೊಂಡು, ಆಯಿತಲ್ಲ ಸಾವಂತ್ರಮ್ಮ, ಮನೆಗೆ ಹೋಗೋಣವಾ ಅಂದ.

ನಾನು ತಲೆ ಎತ್ತಿ ತೊಲೆ ನೋಡಿದೆ. ಹನುಮಂತರಾಯಪ್ಪನ ಹೆಸರುಗಳ ಮೇಲುಗಡೆ, ಹೊಗೆ ಹಿಡಿದು ಕಪ್ಪಾದ ಜಾಗದಲ್ಲಿ, ಅವನ ಅಪ್ಪನ ಹೆಸರು ಹದಿನೆಂಟು ಸಲ ಇತ್ತು. ಆ ಹದಿನೆಂಟು ವರ್ಷ ಈ ಚಾವಡಿಯಲ್ಲಿ ಯಾರ ಧ್ವನಿ ಕೇಳಿಸುತ್ತಿತ್ತು ಅನ್ನೋದನ್ನು ನೆನಪಿಟ್ಟಿರುವ ಮುದುಕರು ಊರಲ್ಲಿ ಇನ್ನೂ ಇದ್ದರು. ವೆಂಕಟರವಣಯ್ಯನೇ ಒಬ್ಬ. ನಮ್ಮ ದೊಡ್ಡಮ್ಮನ ಹೆಸರು ಬರೆದುಕೋ, ನಾಳೆ ಬೆಳಗ್ಗೆ ಬರ್ತೀನಿ, ಇದ್ದಿಲು ಜಾಸ್ತಿ ತರಿಸಿಡು ಅಂದೆ.